ಬಲಗಡೆಯ ನಟ್ಟು

ಖಾಸಗಿ ಪತ್ತೇದಾರ ಹೆರ್ಮೊಸೆನ್ ಸತ್ತವನ ಕಾರಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡು ಬೋರಲು ಮಲಗಿದ್ದ. ಹೊರಗುಳಿದ ಇನ್ನರ್ಧವನ್ನು ಕಬ್ಬಿನ ಊರಾದ ಲಾ ರೊಮಾನಾದ ಭಾನುವಾರದ ಬಿಸಿಲು ಸುಡುತ್ತಿತ್ತು.

ಠಾಣೆಯ ಹಿಂದಿನ ಅಂಗಳದಲ್ಲಿ ಕಾವಲಿಗಿದ್ದ ಪೊಲೀಸಿನವನು ನೆರಳಲ್ಲಿ ಕೂತು ಕಬ್ಬು ಜಗಿಯುತ್ತಿದ್ದ. ರೈಲು ಗುದ್ದಿದ್ದು ಮುಂದೆ, ನೀವು ಹಿಂದೆ ಏನು ಹುಡುಕುತ್ತಿದ್ದೀರಿ ಎಂದು ಮತ್ತೆ ಕೇಳಿದ. ದಡ್ಡರಿಗೆ ಉತ್ತರ ಕೊಡುವುದು ಹೆರ್ಮೊಸೆನ್ನನ ಜಾಯಮಾನವಲ್ಲ.

ಕಾರಿನ ಮುಂಭಾಗವನ್ನು ಕಬ್ಬು ಸಾಗಿಸುವ ರೈಲು ಅಪ್ಪಚ್ಚಿ ಮಾಡಿತ್ತು. ಸೀಟು ಹರಿದಿತ್ತು, ಟೈರು ಬೋಳಾಗಿತ್ತು. ಡಿಕ್ಕಿಯಲ್ಲಿ ಮಾತ್ರ ಎಮ್ಮೆಯ ತಲೆಯಷ್ಟು ದೊಡ್ಡ ಸ್ಪೀಕರುಗಳು, ಅವುಗಳ ಪಕ್ಕದಲ್ಲಿ ಹೊಸ ಆಂಪ್ಲಿಫೈಯರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಪೈಕಿ ಸತ್ತವನು, ಸ್ತಾರ್ಲಿನ್. ಆ ಊರಿನ ಅರ್ಧ ಗಂಡಸರು ಅದೇ ಪೈಕಿ.

ಈಸ್ಟರಿನ ಹಿಂದಿನ ಶನಿವಾರ ಸ್ತಾರ್ಲಿನ್ ಈ ಕಾರಿನಲ್ಲಿ ಸತ್ತ. ಹೊಸ ಮ್ಯೂಸಿಕ್ ಸಿಸ್ಟಮ್ ಕೂರಿಸಿ ವೈರಿಂಗ್ ಮಾಡಿದ್ದ ಅಣ್ಣ ವಾಸ್ಕರನನ್ನು ಕೊಲೆ ಆರೋಪದ ಮೇಲೆ ಹಿಡಿದಿದ್ದರು. ನಾಳೆ ಬೆಳಗ್ಗೆ ಅವನನ್ನು ಜಡ್ಜ್ ಮುಂದೆ ನಿಲ್ಲಿಸಲಿದ್ದರು. ಒಬ್ಬನನ್ನು ಮಣ್ಣು ಮಾಡಿದ್ದೇನೆ, ಇನ್ನೊಬ್ಬನನ್ನಾದರೂ ಉಳಿಸಿಕೊಡಿ ಎಂದು ಹೆರ್ಮೊಸೆನ್ನನ ಕೈ ಹಿಡಿದು ಅತ್ತವಳು ಇಬ್ಬರನ್ನೂ ಹೆತ್ತ ಫಿಯೋರ್ದಾಲಿಸಾ.

ಸರ್ಕಾರಿ ವಕೀಲರ ವಾದ ಸರಳವಾಗಿತ್ತು. ಬಾಗಿಲುಗಳಲ್ಲೂ ಸ್ಪೀಕರ್ ಕೂರಿಸಲು ವಾಸ್ಕರ್ ಒಳಗಿನ ಹಿಡಿಕೆಗಳನ್ನು ಕಿತ್ತು, ಬಾಗಿಲು ತೆರೆಯಲು ಒಂದು ಬಟನ್ ಕೊಟ್ಟಿದ್ದ. ಕರೆಂಟ್ ಇದ್ದರೆ ಅದು ಬಾಗಿಲು, ಇಲ್ಲದಿದ್ದರೆ ಗೋಡೆ. ಕಾರು ಸರಿಯಾಗಿ ರೈಲು ಹಳಿಯ ಮೇಲೆ ಸತ್ತು ನಿಂತಿತು. ಹಿಂದಿನ ಸೀಟಿನ ಜಾಗದ ತುಂಬ ಸ್ಪೀಕರ್ ಪೆಟ್ಟಿಗೆಗಳು, ಆ ಕಡೆಯಿಂದಲೂ ದಾರಿಯಿರಲಿಲ್ಲ. ಕಬ್ಬು ಕಡಿಯುತ್ತಿದ್ದವರು ಓಡಿ ಬರುವಷ್ಟರಲ್ಲಿ ಒಳಗಿದ್ದವನು ಎರಡೂ ಮುಷ್ಟಿಯಿಂದ ಗಾಜು ಗುದ್ದುತ್ತಿದ್ದನಂತೆ. ಕಬ್ಬಿನ ರೈಲು ಬರುವುದು ನಿಧಾನ, ನಿಲ್ಲುವುದು ಇನ್ನೂ ನಿಧಾನ.

ಹಿಡಿಕೆ ಕೀಳಿಸುವುದು ಅಲ್ಲಿನ ಶೋಕಿಗಾರರ ಹಳೆಯ ಚಾಳಿ, ಅದರಿಂದ ಕೊಲೆ ಸಾಬೀತಾಗುವುದಿಲ್ಲ. ಕಾರು ಯಾಕೆ ಸತ್ತಿತು ಎನ್ನುವುದೇ ಪ್ರಶ್ನೆ. ಅದರ ಉತ್ತರ ಈಗ ಹೆರ್ಮೊಸೆನ್ನನ ಮೂಗಿನ ಕೆಳಗಿತ್ತು.

ಡಿಕ್ಕಿಯ ತಳದಲ್ಲಿ ಎರಡು ನಟ್ಟುಗಳಿದ್ದವು. ಎಡಗಡೆಯದು ಆಂಪ್ಲಿಫೈಯರಿನ ಅರ್ಥಿಂಗ್ ವೈರಿನದು. ಅದನ್ನು ಬಿಚ್ಚಿದರೆ ಹಾಡು ನಿಲ್ಲುತ್ತದೆ, ಕಾರು ಆರಾಮವಾಗಿ ಓಡುತ್ತದೆ. ಅದು ಬಿಗಿಯಾಗಿ ಕೂತಿತ್ತು.

ಬಲಗಡೆಯದು ಬ್ಯಾಟರಿಯ ಅರ್ಥಿಂಗ್ ವೈರಿನದು. ಬಾನೆಟ್ಟಿನ ಕೆಳಗಿದ್ದ ಬ್ಯಾಟರಿ ಹೊಸ ಸ್ಪೀಕರುಗಳ ಹಸಿವಿಗೆ ಸಾಲದೆಂದು ವಾಸ್ಕರ್ ದೊಡ್ಡದೊಂದನ್ನು ತಂದು ಡಿಕ್ಕಿಯಲ್ಲಿ ಇಟ್ಟಿದ್ದ. ಎಂಜಿನ್ನು, ದೀಪ, ಬಾಗಿಲಿನ ಬಟನ್ನು, ಇಡೀ ಕಾರಿನ ಜೀವ ಈಗ ಆ ಒಂದು ನಟ್ಟನ್ನು ನಂಬಿತ್ತು. ಹೆರ್ಮೊಸೆನ್ ಬೆರಳ ತುದಿಯಿಂದ ತಿರುಗಿಸಿದ. ಅದು ಸುಮ್ಮನೆ ತಿರುಗಿತು.

ನಟ್ಟಿನ ಕೆಳಗೆ ಬಣ್ಣ ಸುಟ್ಟು ಕಪ್ಪು ಉಂಗುರವಾಗಿತ್ತು. ರೈಲು ಗುದ್ದಿ ಸಡಿಲವಾದ ನಟ್ಟು ಹಾಗೆ ಸುಡುವುದಿಲ್ಲ. ಅದು ಮೊದಲೇ ಸಡಿಲವಾಗಿ, ವೈರು ಒಮ್ಮೆ ಮುಟ್ಟಿ ಒಮ್ಮೆ ಬಿಟ್ಟು, ಕಿಡಿ ಹಾರಿಸುತ್ತಲೇ ಓಡಾಡಿತ್ತು. ಹಳಿ ದಾಟುವ ಕುಲುಕಾಟಕ್ಕೆ ಪೂರ್ತಿ ಕೈಬಿಟ್ಟಿತ್ತು. ಬ್ಯಾಟರಿಯ ಲಗಾಮು ತಪ್ಪಿದ ಕರೆಂಟು ಎಂಜಿನ್ ನಡೆಸುವ ಕಂಪ್ಯೂಟರಿಗೆ ನುಗ್ಗಿ ಅದನ್ನು ಸುಟ್ಟಿತ್ತು. ಆ ಸುಟ್ಟ ಡಬ್ಬಿಯನ್ನು ಹೆರ್ಮೊಸೆನ್ ನಿನ್ನೆಯೇ ಬಿಚ್ಚಿ ಮೂಸಿದ್ದ.

ಇನ್ನೊಂದು ಸಂಗತಿ ಅವನ ಬಾಯಲ್ಲಿ ನೀರೂರಿಸಿತು. ನಟ್ಟಿನ ಮೂಲೆಗಳನ್ನು ಯಾವುದೋ ಇಕ್ಕಳ ಕಚ್ಚಿ ಕಿತ್ತುಹಾಕಿತ್ತು. ಹಲ್ಲಿನ ಗುರುತುಗಳ ಸಾಲಿನ ನಡುವೆ ಒಂದು ಸಂದು. ಇಕ್ಕಳದ ಒಂದು ಹಲ್ಲು ಮುರಿದಿತ್ತು ಎಂದಾಯಿತು. ವಾಸ್ಕರನ ಅಂಗಡಿಯ ಗೋಡೆಯ ತುಂಬ ಎಲ್ಲ ಅಳತೆಯ ಸ್ಪ್ಯಾನರುಗಳು ನೇತಾಡುತ್ತಿವೆ. ಸ್ಪ್ಯಾನರ್ ಇರುವವನು ಇಕ್ಕಳದಿಂದ ನಟ್ಟು ಕೆಡಿಸುವುದಿಲ್ಲ.

ಹೆರ್ಮೊಸೆನ್ ಜೇಬಿನಿಂದ ಸಾಬೂನಿನ ತುಂಡು ತೆಗೆದು ನಟ್ಟಿನ ಮೇಲೆ ಒತ್ತಿ, ಹಲ್ಲಿನ ಗುರುತು ಅಚ್ಚು ಮಾಡಿಕೊಂಡ. ಹಿಂದೆ ಇನ್ಶೂರೆನ್ಸ್ ಕಂಪನಿಯಲ್ಲಿದ್ದಾಗ, ವಿಧವೆಯರಿಗೆ ಸಿಗಬೇಕಾದ ಪರಿಹಾರ ತಪ್ಪಿಸಲು ಕಲಿತ ವಿದ್ಯೆ ಇದು. ಆ ಕೆಲಸದಲ್ಲಿ ಅವನು ನಿಪುಣನಾಗಿದ್ದ, ಅದಕ್ಕಾಗಿ ಅವನಿಗೆ ಒಂದು ದಿನವೂ ನಿದ್ದೆ ಕೆಟ್ಟಿರಲಿಲ್ಲ.

ಅವನು ಸೀದಾ ಮಾರ್ತಿರೆಸ್ ಪೊಲಾಂಕೊನ ಬಳಿಗೆ ಹೋದ. ಮಾರ್ತಿರೆಸನದು ಲೊಸ್ ಕೊಕೊಸ್ ಕೇರಿಯಲ್ಲಿ ಕಾರು ತೊಳೆಯುವ ಜಾಗ. ಆ ಊರಲ್ಲಿ ಅಂಥ ಜಾಗವೆಂದರೆ ಬಿಯರ್ ಕುಡಿಯುವುದು, ಡಾಮಿನೋ ಆಡುವುದು, ಯಾರ ಕಾರಿನ ಸದ್ದಿಗೆ ಯಾರ ಗಾಜು ಒಡೆಯುತ್ತದೆಂದು ಪಂದ್ಯ ಕಟ್ಟುವುದು. ನಡುವೆ ಕಾರು ತೊಳೆಯುವುದೂ ಉಂಟು. ಹೋದ ತಿಂಗಳ ಪಂದ್ಯದಲ್ಲಿ ಮಾರ್ತಿರೆಸ್ ಸ್ತಾರ್ಲಿನ್‌ಗೆ ಸೋತಿದ್ದ. ಹೆರ್ಮೊಸೆನ್ನನ ಪಟ್ಟಿಯಲ್ಲಿ ಮೊದಲನೇ ಹೆಸರು ಅವನದೇ.

ಮಾರ್ತಿರೆಸ್ ಡಾಮಿನೋ ಆಟದಿಂದ ತಲೆಯೆತ್ತಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಆ ಶನಿವಾರ ಮಧ್ಯಾಹ್ನ ಸ್ತಾರ್ಲಿನ್ ಇಲ್ಲಿಗೇ ಬಂದಿದ್ದ. ಡ್ರಮ್ಮಿನ ಒಂದೊಂದು ಪೆಟ್ಟಿಗೂ ಕಾರಿನ ದೀಪ ಕಣ್ಣು ಮುಚ್ಚಿ ತೆರೆಯುತ್ತಿತ್ತು, ಎಂಜಿನ್ನು ಕ್ಷಯ ಹಿಡಿದವನಂತೆ ಕೆಮ್ಮುತ್ತಿತ್ತು. ಅರ್ಥಿಂಗ್ ನೋಡಿಕೋ ಎಂದು ಮಾರ್ತಿರೆಸನೇ ಹೇಳಿದ. ಸ್ತಾರ್ಲಿನ್ ಡಿಕ್ಕಿ ತೆಗೆದು ಎಡಗಡೆಯ ನಟ್ಟು ಅಲ್ಲಾಡಿಸಿ, ಬಿಗಿಯಾಗಿದೆ, ಈ ವರ್ಷ ಅಮ್ಮ ನನ್ನನ್ನು ಬಿಟ್ಟುಬಿಟ್ಟಿದ್ದಾಳೆ ಎಂದು ನಕ್ಕ. ಆಮೇಲೆ ಅಣ್ಣನಿಗೆ ಫೋನ್ ಮಾಡಿದ. ಆಲ್ಟರ್ನೇಟರ್ ಚಿಕ್ಕದಾಯಿತು, ಹೆದರಬೇಡ, ಜೋರಾಗಿ ಓಡಿಸು, ಸೋಮವಾರ ನೋಡೋಣ ಎಂದಿದ್ದ ವಾಸ್ಕರ್.

ಪಾಪ, ಅವನೂ ತಪ್ಪು ತಿಳಿದುಕೊಂಡಿದ್ದ ಎಂದುಕೊಂಡ ಹೆರ್ಮೊಸೆನ್. ಹೊಸ ಸಿಸ್ಟಮ್ ಹಾಕಿದ ಮೇಲೆ ದೀಪ ಮಂಕಾದರೆ ಎಂಥ ಮೆಕ್ಯಾನಿಕ್ಕೂ ಮೊದಲು ಬೈಯುವುದು ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನೇ.

ಅಣ್ಣ ತಮ್ಮಂದಿರ ಜಗಳದ ವಿಚಾರ ಕೇಳಿದಾಗ ಮಾರ್ತಿರೆಸ್ ಮೊದಲ ಸಲ ನಕ್ಕ. ಸ್ತಾರ್ಲಿನ್ ಪಂದ್ಯದ ಬಹುಮಾನದ ಕಪ್ಪು ಗೆದ್ದ ದಿನ, ವೈರಿಂಗ್ ಮಾಡಿದವನು ನಾನು, ಒಂದು ಸಲ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೇನೆ ಎಂದು ವಾಸ್ಕರ್ ಮುಂದೆ ಬಂದಿದ್ದ. ಸ್ತಾರ್ಲಿನ್ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಉತ್ತರ ಕೊಟ್ಟಿದ್ದ.

"'ಇವತ್ತು ವೈರು ಸುಲಿಯೋನಿಗೆ ಕಪ್ಪು ಕೊಟ್ರೆ, ನಾಳೆ ಟೈರಿಗೆ ಗಾಳಿ ಹೊಡಿಯೋನೂ ಬಂದು ಕೇಳ್ತಾನೆ' ಅಂದ. ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿದ್ವಿ. ವಾಸ್ಕರೂ ನಕ್ಕ. ಅದೆಲ್ಲಾ ಜಗಳಾನಾ ಸಾಹೇಬ್ರೇ?"

ಹೆರ್ಮೊಸೆನ್ ಸಾಬೂನನ್ನು ಡಾಮಿನೋ ಬಿಲ್ಲೆಗಳ ಮಧ್ಯೆ ಇಟ್ಟು, ನಟ್ಟನ್ನು ಇಕ್ಕಳದಿಂದ ಬಿಚ್ಚಿದ್ದಾರೆ ಎಂದ. ಮಾರ್ತಿರೆಸ್ ಆಟ ನಿಲ್ಲಿಸಿದ.

"ಇಕ್ಕಳಾನಾ? ಹಾಗಾದ್ರೆ ಗಂಡಸ್ರನ್ನ ಬಿಟ್ಬಿಡಿ. ಅಡುಗೆಮನೇಲಿ ಹುಡುಕಿ."

ಲೊಸ್ ಕೊಕೊಸ್ ಹೆಂಗಸರದ್ದು ಒಂದು ಪದ್ಧತಿ. ಶುಭ ಶುಕ್ರವಾರ ಕೇರಿಯಲ್ಲಿ ಹಾಡು ಕೇಳಿಸಬಾರದು. ದೇವರ ಮಗ ಸತ್ತ ದಿನ ಕುಣಿದವರ ಮನೆ ಉದ್ಧಾರವಾಗುವುದಿಲ್ಲ. ಹೇಳಿದರೆ ಗಂಡಸರು ಕೇಳುವುದಿಲ್ಲ. ಅದಕ್ಕೆ ಗುರುವಾರ ಸಂಜೆ ಹೆಂಡತಿಯೋ ತಾಯಿಯೋ ಇಕ್ಕಳ ಹಿಡಿದು ಹೋಗಿ ಆಂಪ್ಲಿಫೈಯರಿನ ನಟ್ಟು ಸಡಿಲ ಮಾಡಿ ಬರುತ್ತಾರೆ. ಗಂಡಸರಿಗೂ ಗೊತ್ತು. ಶನಿವಾರ ಮಧ್ಯಾಹ್ನ ಚರ್ಚಿನ ಗಂಟೆ ಹೊಡೆದ ಮೇಲೆ ನಗುತ್ತ ಬಿಗಿ ಮಾಡಿಕೊಂಡು, ಎರಡು ದಿನದ ಹಾಡನ್ನು ಒಟ್ಟಿಗೇ ಹಾಕಿ ಕಿವಿ ಕಿತ್ತುಹಾಕುತ್ತಾರೆ. ಇದರಿಂದ ಇಷ್ಟು ವರ್ಷ ಒಂದು ನೊಣವೂ ಸತ್ತಿರಲಿಲ್ಲ.

ಅಂದರೆ ಈ ವರ್ಷ ಯಾವಳೋ ಎಡದ ಬದಲು ಬಲದ್ದನ್ನು ಬಿಚ್ಚಿದ್ದಳು. ಹಾಡು ನಿಲ್ಲಲಿಲ್ಲವಾದ್ದರಿಂದ ಸ್ತಾರ್ಲಿನ್‌ಗೆ ಅನುಮಾನ ಬರಲಿಲ್ಲ.

ತಾಯಿ ಈ ವರ್ಷ ತನ್ನನ್ನು ಬಿಟ್ಟಿದ್ದಾಳೆಂದು ಸ್ತಾರ್ಲಿನ್ನೇ ಹೇಳಿದ್ದ. ಹೆರ್ಮೊಸೆನ್‌ಗೆ ಬೇರೆ ಹೆಸರು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ತಾರ್ಲಿನ್‌ನ ಪಕ್ಕದ ಮನೆಯ ನೆರೇಯ್ದಾ. ಪಾರ್ಶ್ವವಾಯು ಹೊಡೆದು ಮಲಗಿದ ಗಂಡನನ್ನು ನೋಡಿಕೊಳ್ಳುವವಳು. ಹಾಡು ಕಡಿಮೆ ಮಾಡು ಎಂದು ಬೇಡಿ, ಪೊಲೀಸರಿಗೆ ದೂರು ಕೊಟ್ಟು, ಕೊನೆಗೆ ಬೀದಿಯಲ್ಲಿ ನಿಂತು ನಿನ್ನ ಹಾಡೇ ನಿನ್ನನ್ನು ತಿನ್ನಲಿ ಎಂದು ಮಣ್ಣು ತೂರಿದ್ದಳು. ಅವಳನ್ನು ಬಗ್ಗಿಸಿದರೆ ನಾಳೆ ವಾಸ್ಕರ್ ಮನೆಗೆ ಬರುತ್ತಾನೆ.

ಫಿಯೋರ್ದಾಲಿಸಾಳ ಮನೆಯಲ್ಲಿ ಅಂದು ಸತ್ತವನಿಗಾಗಿ ನಡೆಸುವ ಒಂಬತ್ತು ದಿನದ ಪ್ರಾರ್ಥನೆಯ ಕೊನೆಯ ದಿನ. ತಗಡಿನ ಚಪ್ಪರದ ಕೆಳಗೆ ಕೇರಿಯ ಹೆಂಗಸರೆಲ್ಲ ಜಪಮಾಲೆ ಹಿಡಿದು ಕೂತಿದ್ದರು. ಮೇಜಿನ ಮೇಲೆ ಸ್ತಾರ್ಲಿನ್‌ನ ಫೋಟೋ, ಅದರ ಪಕ್ಕದಲ್ಲಿ ಆ ಕಪ್ಪು. ಫಿಯೋರ್ದಾಲಿಸಾ ಹಿತ್ತಲಲ್ಲಿ ಎಲ್ಲರಿಗೂ ಶುಂಠಿ ಕಷಾಯ ಕುದಿಸುತ್ತಿದ್ದಳು.

ಹೆಂಗಸರಿಗೆ ಕಾರು ಯಾಕೆ ನಿಂತಿತೆಂದು ಯಾರೂ ಹೇಳಿರಲಿಲ್ಲ. ಹೆರ್ಮೊಸೆನ್ ಅದನ್ನು ಹೇಳದೆ, ಮನೆಮನೆಯ ಇಕ್ಕಳ ತನ್ನಿ, ವಾಸ್ಕರನನ್ನು ಬಿಡಿಸಲು ಬೇಕು ಎಂದ. ಅವರು ಓಡಿದರು. ಸ್ವಲ್ಪ ಹೊತ್ತಿನಲ್ಲಿ ಮೇಜಿನ ಮೇಲೆ ತುಕ್ಕು ಹಿಡಿದ ಇಕ್ಕಳಗಳ ರಾಶಿ ಬಿತ್ತು. ಅವನು ಒಂದೊಂದನ್ನೇ ಸಾಬೂನಿನ ಮೇಲೆ ಒತ್ತಿ ನೋಡಿದ. ಯಾವುದರಲ್ಲೂ ಹಲ್ಲು ಮುರಿದಿರಲಿಲ್ಲ.

ನೆರೇಯ್ದಾ ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಹೆರ್ಮೊಸೆನ್ ಬೇಕಾದಷ್ಟು ನೋಡಿದ್ದ. ಅವನು ಕುರ್ಚಿ ಎಳೆದುಕೊಂಡು ಅವಳ ಮೊಣಕಾಲಿಗೆ ತಾಗುವಂತೆ ಕೂತ.

"ನಿನ್ನದೆಲ್ಲಮ್ಮ?"

"ಕಳೆದುಹೋಗಿದೆ."

"ಯಾವಾಗ? ಗುರುವಾರ ಸಂಜೆನಾ?"

ಅವಳು ಜಪಮಾಲೆಯ ಮಣಿ ತಿರುಗಿಸಿದಳು.

ಹೆರ್ಮೊಸೆನ್ ಕತೆ ಹೇಳಲು ಶುರು ಮಾಡಿದ. ಅದು ಅವನ ಅಚ್ಚುಮೆಚ್ಚಿನ ಕೆಲಸ. ಮೆಲ್ಲಗೆ, ಪ್ರೀತಿಯಿಂದ, ಮಗುವಿಗೆ ಉಣಿಸುವವನಂತೆ ಹೇಳಿದ. ಒಂದು ನಟ್ಟು ಸಡಿಲವಾದರೆ ಕರೆಂಟು ಏನು ಮಾಡುತ್ತದೆ ಎಂದು ಹೇಳಿದ. ಹಳಿಯ ಮೇಲೆ ಎಂಜಿನ್ನು ಸತ್ತಾಗ ಸ್ತಾರ್ಲಿನ್ ಬಟನ್ ಎಷ್ಟು ಸಲ ಒತ್ತಿರಬಹುದು ಎಂದು ಕೇಳಿದ. ಗಾಜಿನ ಒಳಗಡೆ ಮೆತ್ತಿದ್ದ ರಕ್ತ, ಮುಷ್ಟಿಯ ಕಿತ್ತುಹೋದ ಚರ್ಮ, ರೈಲಿನವನಿಗೆ ಕಾಣಿಸಿದ ಆ ತೆರೆದ ಬಾಯಿ, ಒಂದನ್ನೂ ಬಿಡಲಿಲ್ಲ. ಹೆಂಗಸರಲ್ಲಿ ಒಬ್ಬಳು ಕಿವಿ ಮುಚ್ಚಿಕೊಂಡಳು. ಇನ್ನೊಬ್ಬಳು ಎದ್ದು ಹೋಗಿ ಬೇಲಿಯ ಹತ್ತಿರ ವಾಂತಿ ಮಾಡಿಕೊಂಡಳು.

ನೆರೇಯ್ದಾಳ ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು.

"ಆ ತಾಯಿ ಅಲ್ಲಿ ನಿನಗೋಸ್ಕರ ಕಷಾಯ ಕಾಯಿಸ್ತಿದಾಳೆ. ಅವಳ ಒಬ್ಬ ಮಗನ್ನ ತಿಂದೆ. ಇನ್ನೊಬ್ಬನ್ನ ಜೈಲಲ್ಲಿ ಕೊಳೆಸ್ತೀಯಾ? ಬಾಯಿ ಬಿಡು. ಇಲ್ಲಾಂದ್ರೆ ನಿನ್ನ ಗಂಡ ಹಾಸಿಗೇಲೇ ಹೇತ್ಕೊಂಡು ಬಿದ್ದಿರ್ತಾನೆ, ನಿನ್ನನ್ನ ಪೊಲೀಸ್ರು ಎಳ್ಕೊಂಡು ಹೋಗ್ತಾರೆ."

"ಎಳ್ಕೊಂಡು ಹೋಗ್ಲಿ. ನಾನೇ ಬಿಚ್ಚಿದ್ದು ಅಂತ ಬರ್ಕೊಳ್ಳಿ ಸಾಹೇಬ್ರೇ. ಇಲ್ಲಿಗೇ ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನು ಯಾರನ್ನೂ ಕೇಳ್ಬೇಡಿ."

ಗೆದ್ದವನ ಸುಖ ಹೆರ್ಮೊಸೆನ್ನನ ಎದೆಯಲ್ಲಿ ಹರಡುವಷ್ಟರಲ್ಲಿ, ಹಿತ್ತಲ ಬಾಗಿಲಿನಿಂದ ಫಿಯೋರ್ದಾಲಿಸಾ ಬಂದಳು. ಕೈಯಲ್ಲಿ ಕಷಾಯದ ಲೋಟಗಳ ತಟ್ಟೆ. ಮೇಜಿನ ಮೇಲಿನ ಇಕ್ಕಳಗಳನ್ನೂ ಅಳುತ್ತಿದ್ದ ನೆರೇಯ್ದಾಳನ್ನೂ ನೋಡಿ, ಇದೇನು ಸಂತೆ ಎಂದು ಕೇಳಿದಳು. ಹೆರ್ಮೊಸೆನ್ನೇ, ಇವಳ ಇಕ್ಕಳ ಕಳೆದುಹೋಗಿದೆಯಂತೆ ಎಂದ.

"ಕಳೆದಿಲ್ಲ. ನನ್ನ ಹತ್ರಾನೇ ಇದೆ. ಗುರುವಾರ ಇಸ್ಕೊಂಡಿದ್ದೆ, ವಾಪಸ್ ಕೊಡೋದು ಮರ್ತೇಹೋಯ್ತು ಕಣೇ ನೆರೇಯ್ದಾ."

ಅವಳು ತಟ್ಟೆ ಇಟ್ಟು ಒಳಗೆ ಹೋಗಿ ತಂದುಕೊಟ್ಟಳು. ಹೆರ್ಮೊಸೆನ್ ಒತ್ತಿ ನೋಡಬೇಕಾಗಿರಲಿಲ್ಲ. ನಡುವಿನ ಹಲ್ಲು ಮುರಿದಿದ್ದು ದೂರದಿಂದಲೇ ಕಾಣುತ್ತಿತ್ತು.

ಹೆಂಗಸರೆಲ್ಲ ನೆಲ ನೋಡಿದರು. ಅವರಿಗೆ ಎಲ್ಲ ತಿಳಿದುಹೋಗಿತ್ತು. ಫಿಯೋರ್ದಾಲಿಸಾ ಒಬ್ಬಳಿಗೆ ತಿಳಿದಿರಲಿಲ್ಲ.

ಬೆಳಗ್ಗೆ ಜೈಲಿನಲ್ಲಿ ವಾಸ್ಕರ್ ಹೇಳಿದ ಒಂದೇ ಮಾತು ಹೆರ್ಮೊಸೆನ್ನನಿಗೆ ಈಗ ಅರ್ಥವಾಯಿತು. ಬೇರೆಲ್ಲ ಪ್ರಶ್ನೆಗೂ ಗೋಡೆ ನೋಡುತ್ತ ಕೂತಿದ್ದವನು ಹೊರಡುವಾಗ, ಅಮ್ಮನನ್ನು ಮಾತ್ರ ಏನೂ ಕೇಳಬೇಡಿ ಎಂದಿದ್ದ. ಹೆತ್ತವಳು ತಾನೇ ಮಗನನ್ನು ಕೊಂದೆ ಎಂದು ತಿಳಿದು ಸಾಯುವುದು ಬೇಡವೆಂದು ಅವನು ತಾನೇ ಜೈಲಿಗೆ ಹೋಗಲು ಹೊರಟಿದ್ದ. ಇಂಥ ಮಗನೂ ಇರುತ್ತಾನೆಯೇ ಎಂದು ಹೆರ್ಮೊಸೆನ್ನನಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅವನಿಗೇ ಸಿಟ್ಟು ಬಂತು.

ನೆರೇಯ್ದಾ ಅವನ ತೋಳು ಹಿಡಿದು ಬೇಡವೆಂದು ತಲೆಯಾಡಿಸಿದಳು. ಅವನು ಬಿಡಿಸಿಕೊಂಡ. ಸುಮ್ಮನಿದ್ದರೆ ನಾಳೆ ಒಬ್ಬ ನಿರಪರಾಧಿ ಸಾಯುವವರೆಗೂ ಕಂಬಿಯ ಹಿಂದೆ ಹೋಗುತ್ತಾನೆ. ಮಾತಾಡಿದರೆ ಇವಳು ನಿಂತಲ್ಲೇ ಸಾಯುತ್ತಾಳೆ. ಅವನಿಗೆ ಕೆಲಸ ಕೊಟ್ಟಿದ್ದು ಮಗನನ್ನು ಉಳಿಸಲು.

ಅವನು ಹೇಳಿದ. ಈ ಸಲ ಚಿಕ್ಕದಾಗಿ ಹೇಳಿದ. ನೀವು ಬಿಚ್ಚಿದ್ದು ಹಾಡಿನ ನಟ್ಟಲ್ಲ, ಬ್ಯಾಟರಿಯ ನಟ್ಟು, ಕಾರು ನಿಂತಿದ್ದು ಅದರಿಂದ ಎಂದ.

ಫಿಯೋರ್ದಾಲಿಸಾ ಮಗನ ಫೋಟೋ ನೋಡಿದಳು. ತನ್ನ ಬಲಗೈಯನ್ನು ಎತ್ತಿ, ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿದಳು. ಮೇಜು ಹಿಡಿದುಕೊಂಡು ನಿಂತಳು, ಬೀಳಲಿಲ್ಲ. ಅವಳು ಕೇಳಿದ್ದು ಒಂದೇ.

"ಬೇಗ ಹೋಯ್ತಾ ಜೀವ?"

"ಬೇಗ ಹೋಯ್ತಮ್ಮ. ಗೊತ್ತೂ ಆಗಿರಲ್ಲ."

ಈಗಷ್ಟೇ ಅವನ ಬಾಯಿಂದ ಎಲ್ಲವನ್ನೂ ಕೇಳಿದ್ದ ಹೆಂಗಸರ ಮುಂದೆಯೇ ಅವನು ಹಾಗೆ ಹೇಳಿದ. ಯಾರೂ ಅವನನ್ನು ತಡೆಯಲಿಲ್ಲ.

ಅವಳು ಸೆರಗಿನಷ್ಟು ಅಗಲದ ಕಪ್ಪು ತಲೆವಸ್ತ್ರದಿಂದ ಮುಖ ಒತ್ತಿಕೊಂಡಳು. ಆ ಬಟ್ಟೆ ತೆಗೆದಾಗ ಅವಳ ಮುಖದಲ್ಲಿ ಹೆರ್ಮೊಸೆನ್ ನಿರೀಕ್ಷಿಸದ ಬೆಳಕೊಂದಿತ್ತು.

"ಅಂದ್ರೆ ವಾಸ್ಕರ್ ಏನೂ ಮಾಡಿಲ್ಲ."

ಮಾಡಿಲ್ಲ ಎಂದ ಹೆರ್ಮೊಸೆನ್. ಇಕ್ಕಳ, ಸಾಬೂನಿನ ಅಚ್ಚು, ಜೊತೆಗೆ ನಿಮ್ಮ ಮಾತು, ಇಷ್ಟಿದ್ದರೆ ನಾಳೆ ಮಧ್ಯಾಹ್ನದ ಊಟಕ್ಕೆ ಅವನು ಮನೆಯಲ್ಲಿರುತ್ತಾನೆ. ನಿಮಗೆ ನೋವಾಗಬಾರದೆಂದು ಅವನು ಇದನ್ನೆಲ್ಲ ಮುಚ್ಚಿಟ್ಟುಕೊಂಡು ಕೂತಿದ್ದ, ಅಂಥ ಮಗನನ್ನು ಪಡೆಯಲು ಪುಣ್ಯ ಬೇಕು ಎಂದೂ ಹೇಳಿದ. ಯಾರನ್ನೂ ಸಮಾಧಾನ ಮಾಡಿ ಅಭ್ಯಾಸವಿಲ್ಲದ ಅವನಿಗೆ ಮಾತು ತಡವರಿಸಿತು.

ಫಿಯೋರ್ದಾಲಿಸಾ ಅರ್ಥವಾಗದವಳಂತೆ ಅವನನ್ನು ನೋಡಿದಳು.

"ಮುಚ್ಚಿಡೋದೇನು ಬಂತು ಸಾಹೇಬ್ರೇ, ಅವ್ನೇ ಇದ್ನಲ್ಲ ನನ್ನ ಜೊತೇಲಿ. ಡಿಕ್ಕಿ ಬೀಗ ತೆಗೆದುಕೊಟ್ಟಿದ್ದೇ ಅವ್ನು. ನಾನು ಪ್ರತಿ ವರ್ಷದ ಹಾಗೆ ಎಡಗಡೇದಕ್ಕೆ ಇಕ್ಕಳ ಹಾಕಿದ್ದೆ. 'ಅದಲ್ಲಮ್ಮ, ಈ ವರ್ಷ ಎಲ್ಲಾ ಬದಲಾಯ್ಸಿದೀನಿ, ಬಲಗಡೇದು ಬಿಚ್ಚು' ಅಂತ ಬೆರಳಿಟ್ಟು ತೋರಿಸ್ದ. ನನ್ನ ಕೈಲಿ ಆಗ್ತಿರ್ಲಿಲ್ಲ, ಪಕ್ಕದಲ್ಲೇ ನಿಂತು, ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಹೇಳ್ಕೊಟ್ಟ. ನಾಳೆ ಜಡ್ಜ್ ಮುಂದೆ ಇದನ್ನೇ ಹೇಳ್ತೀನಿ. ಇಷ್ಟು ಹೇಳಿದ್ರೆ ಬಿಟ್ಬಿಡ್ತಾರಲ್ವಾ ನನ್ನ ಮಗನ್ನ?"